ಕುಟುಂಬ ಸಮೇತ ಪರದೇಶಕ್ಕೆ ಹೊರಡುವ ಮುನ್ನ

ಮುಂಬಯಿ ಕನ್ನಡಿಗರಿಗೆ ವಲಸೆಯೆಂಬುದು ಹೊಸ ಶಬ್ದವಲ್ಲ. ನಾವೆಲ್ಲರೂ ಎಲ್ಲಿಂದಲೋ ಬಂದವರು, ಇಲ್ಲವೆ ಬಂದವರ ಮಕ್ಕಳು. ಧಾರವಾಡ, ವಿಜಾಪುರ, ಕಾರವಾರ ಕಡೆಯ ಹಿರಿಯರಿಗೆ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮುಂಬಯಿಯು ತಮ್ಮ ಪ್ರಾಂತದ ರಾಜಧಾನಿಯೇ ಆಗಿದ್ದಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಿಗಾದರೋ ಇದು ಅನ್ಯ ಪ್ರಾಂತ, ಅನ್ಯ ಭಾಷೆ, ಅನ್ಯ ಹವೆ. ಆದರೆ ಉಭಯರೂ ಬಂದ ಬಗೆ ಮಾತ್ರ ಹೆಚ್ಚು ಕಡಿಮೆ ಒಂದೇ: ಒಬ್ಬಂಟಿಯಾಗಿ. ಹೆಂಡತಿ ಮಕ್ಕಳು ಊರಿನಲ್ಲಿ. ತಾವು ಫೋರ್ಟಿನ ಹೋಟೆಲೊಂದರಲ್ಲಿಯೋ ಪರೇಲಿನ ಚಾಳಿನ ಖೋಲಿಯಲ್ಲಿಯೋ ಹತ್ತು ಹನ್ನೆರಡು ಮಂದಿಯ ನಡುವೆ. ಹಗಲು ದುಡಿಮೆ, ರಾತ್ರಿ ಶಾಲೆ. ಹೀಗೆ ಬಂದವರಿಗೆ ಆಸರೆಯಾಗಲೆಂದೇ 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಇತ್ಯಾದಿ ಸಂಸ್ಥೆಗಳು ಈ ನಗರದಲ್ಲಿ ತಲೆಯೆತ್ತಿದವು.

ಇಂದು ಕಾಲಚಕ್ರ ಇನ್ನೊಂದು ಸುತ್ತು ತಿರುಗಿದೆ. ಕಾಂದಿವಲಿ, ಡೊಂಬಿವಲಿ, ಠಾಣೆ, ನವಿಮುಂಬಯಿಗಳ ನಮ್ಮವರ ಮನೆಗಳಿಂದ ದುಬೈ, ದೋಹಾ, ಮಸ್ಕತ್, ಟೊರಾಂಟೊ, ಮೆಲ್ಬೋರ್ನ್, ಡಬ್ಲಿನ್, ನ್ಯೂಜೆರ್ಸಿಗಳಿಗೆ ಹೊರಡುವವರ ಸಾಲು ಬೆಳೆಯುತ್ತಲೇ ಇದೆ. ಹೋಗುವವರು ಒಂಟಿಯಾಗಿ ಹೋಗುತ್ತಿಲ್ಲ. ಪತ್ನಿಯನ್ನೂ ಮಕ್ಕಳನ್ನೂ ಕರೆದುಕೊಂಡು, ಸಂಸಾರವನ್ನೇ ಕಿತ್ತು ಇನ್ನೊಂದು ನೆಲದಲ್ಲಿ ನೆಡಲು ಹೊರಟಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ತಂದೆಯವರು ಊರು ಬಿಟ್ಟದ್ದು ಸರಿಯೆಂದಾದರೆ ಮಗ ಮುಂಬಯಿ ಬಿಡುವುದು ತಪ್ಪೆಂದು ಹೇಳಲು ನಮಗೆ ಯಾವ ಅಧಿಕಾರವಿದೆ? ನನ್ನ ತಕರಾರು ಬೇರೆ. ಒಂದು ಮನೆಯ ಐದಾರು ಮಂದಿಯ ಬದುಕನ್ನು ಬದಲಿಸುವ ಈ ತೀರ್ಮಾನ ಬಹುಪಾಲು ಸಂದರ್ಭಗಳಲ್ಲಿ ಒಬ್ಬನ ನೇಮಕಪತ್ರದ ಮೇಲೆ, ಒಬ್ಬನ ಸಹಿಯಿಂದ, ಹದಿನೈದು ದಿನಗಳ ಅವಸರದಲ್ಲಿ ಆಗಿಬಿಡುತ್ತಿದೆ. ಬ್ಯಾಂಕಿನ ಮೇಜಿನ ಈಚೆ ಕುಳಿತು ಇಪ್ಪತ್ತು ವರ್ಷಗಳಿಂದ ನಾನು ಇದನ್ನು ಕಾಣುತ್ತಾ ಬಂದಿದ್ದೇನೆ. ವೈದ್ಯರು ಬರೆದ ಲೇಖನಗಳ ನಡುವೆ ಲೆಕ್ಕಪತ್ರದವನ ಈ ನಾಲ್ಕು ಮಾತುಗಳಿಗೆ ಸಂಪಾದಕರು ಸ್ಥಳ ಕೊಟ್ಟಿರುವುದರಿಂದ, ಆರೋಗ್ಯದ ಸಂಗತಿಯೂ ಇದರಲ್ಲಿ ತಾನಾಗಿಯೇ ಸೇರಿಕೊಂಡಿದೆ.

ಮೊದಲು ಲೆಕ್ಕದ ಮಾತು. ಪರದೇಶದ ಸಂಬಳವನ್ನು ರೂಪಾಯಿಯ ದರದಿಂದ ಗುಣಿಸಿ ಹಿಗ್ಗುವುದು ನಮ್ಮಲ್ಲಿ ಸಾಮಾನ್ಯವಾದ ರೂಢಿ. ಗುಣಾಕಾರ ಸರಿಯಾಗಿಯೇ ಇರುತ್ತದೆ; ಕಳೆಯುವುದನ್ನು ಮಾತ್ರ ಯಾರೂ ಮಾಡುವುದಿಲ್ಲ. ಅಲ್ಲಿ ದುಡಿದ ದಿರಾಮು ಅಲ್ಲಿಯ ಬಾಡಿಗೆಗೇ ಹೋಗುತ್ತದೆ, ಡಾಲರು ಅಲ್ಲಿಯ ವಿಮೆಗೇ ಹೋಗುತ್ತದೆ. ಕೊಲ್ಲಿ ದೇಶಗಳಲ್ಲಿ ಸರಕಾರಿ ಶಾಲೆಗಳು ಮುಖ್ಯವಾಗಿ ಆಯಾ ದೇಶದ ಪ್ರಜೆಗಳಿಗಾಗಿ ಇರುವುದರಿಂದ ನಮ್ಮ ಮಕ್ಕಳು ಶುಲ್ಕ ತೆತ್ತು ಖಾಸಗಿ ಭಾರತೀಯ ಶಾಲೆಗಳಿಗೆ ಹೋಗಬೇಕಾಗುತ್ತದೆ. ಒಂದು ನಿದರ್ಶನ ಸಾಕು. ಸೌದಿ ಅರೇಬಿಯದ ಸರಕಾರ 2017ರ ಜುಲೈಯಿಂದ, ಪರದೇಶೀ ನೌಕರನ ಜತೆಗಿರುವ ಪ್ರತಿಯೊಬ್ಬ ಅವಲಂಬಿತನಿಗೂ ತಿಂಗಳಿಗೆ 100 ರಿಯಾಲಿನ ಶುಲ್ಕ ವಿಧಿಸಿತು. ವರ್ಷ ವರ್ಷವೂ ನೂರು ಏರುತ್ತಾ 2020ರ ಜುಲೈಗೆ ಅದು 400 ರಿಯಾಲಾಯಿತು. ಪತ್ನಿ ಹಾಗೂ ಇಬ್ಬರು ಮಕ್ಕಳಿರುವ ನೌಕರನಿಗೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲು! ಮಧ್ಯಮ ಸಂಬಳದ ಎಷ್ಟೋ ಭಾರತೀಯರು ಕುಟುಂಬವನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿ ಖೋಲಿಯ ಜೀವನಕ್ಕೆ ಮರಳಿದರು. ನಮ್ಮ ಹಿರಿಯರು ಪರೇಲಿನಲ್ಲಿ ಬಾಳಿದ ಬಾಳನ್ನೇ ಅವರು ರಿಯಾದಿನಲ್ಲಿ ಬಾಳಬೇಕಾಯಿತು. ಆತಿಥೇಯ ದೇಶಕ್ಕೆ ತನ್ನ ನಿಯಮ ಬದಲಿಸುವ ಹಕ್ಕು ಸದಾ ಇದ್ದೇ ಇದೆ. ಅಮೆರಿಕದಲ್ಲಿ 2025ರ ಸೆಪ್ಟೆಂಬರ್ 19ರಂದು ಹೊರಟ ಒಂದು ಘೋಷಣೆ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರುಗಳ ಶುಲ್ಕ ಹೇರಿದಾಗ, ರಜೆಗೆಂದು ಊರಿಗೆ ಬಂದಿದ್ದವರು ಅದು ಯಾರಿಗೆ ಅನ್ವಯಿಸುವುದೆಂದು ತಿಳಿಯದೆ ವಿಮಾನ ನಿಲ್ದಾಣಕ್ಕೆ ಧಾವಿಸಿದ್ದು ಎಲ್ಲರ ನೆನಪಿನಲ್ಲಿದೆ.

ಆದುದರಿಂದ ಎಲ್ಲರೂ ಒಮ್ಮೆಲೇ ಹೊರಡಬೇಕೇ, ದುಡಿಯುವವರು ಮುಂದಾಗಿ ಹೋಗಿ ನೆಲೆ ನೋಡಿ ಮಿಕ್ಕವರನ್ನು ಕರೆಸಿಕೊಳ್ಳಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಟ್ಟಾಗಿ ಹೋದರೆ ಕಷ್ಟವನ್ನೂ ಒಟ್ಟಾಗಿ ಉಂಡಂತಾಗುವುದು ಎಂದು ವಾದಿಸುವ ಮಿತ್ರರು ನನಗಿದ್ದಾರೆ. ಅವರ ಮಾತಿನಲ್ಲಿ ಸ್ನೇಹವಿದೆ, ಲೆಕ್ಕವಿಲ್ಲ. ಹೊಸ ಉದ್ಯೋಗದ ಪರೀಕ್ಷಾವಧಿ ಮುಗಿಯುವ ಮುನ್ನವೇ ಇಲ್ಲಿಯ ಶಾಲೆಯ ದಾಖಲಾತಿ ರದ್ದು ಮಾಡಿಸಿ, ಪತ್ನಿಯ ನೌಕರಿಗೆ ರಾಜೀನಾಮೆ ಕೊಡಿಸಿ, ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಹೋದವನು, ಆರನೆಯ ತಿಂಗಳಲ್ಲಿ ಕೆಲಸ ಹೋದರೆ ಎಲ್ಲಿಗೆ ಮರಳುವುದು? ನನ್ನ ಅಭಿಪ್ರಾಯದಲ್ಲಿ ದುಡಿಯುವವರು ಮೊದಲು ಹೋಗಬೇಕು. ಉದ್ಯೋಗ ಖಾಯಂ ಆದ ಬಳಿಕ, ಅಲ್ಲಿಯ ಶಾಲೆಯ ವರ್ಷಾರಂಭಕ್ಕೆ ಹೊಂದುವಂತೆ ಕುಟುಂಬ ಹಿಂಬಾಲಿಸಬೇಕು. ಆದರೆ ಈ ಅಗಲಿಕೆ ಒಂದು ವರ್ಷವನ್ನು ಮೀರಬಾರದು. ನನ್ನ ತಂದೆಯವರು ಕಾರ್ಕಳದ ಕಡೆಯಿಂದ ಬಂದು ಒಂಬತ್ತು ವರ್ಷಗಳ ಬಳಿಕ ತಾಯಿಯವರನ್ನು ಕರೆದುಕೊಂಡು ಬಂದರು. ಅಷ್ಟರೊಳಗೆ ನನ್ನ ಅಕ್ಕನಿಗೆ ತಂದೆಯೆಂದರೆ ವರ್ಷಕ್ಕೊಮ್ಮೆ ಬಿಸ್ಕತ್ತಿನ ಡಬ್ಬ ಹಿಡಿದು ಬರುವ ಒಬ್ಬ ನೆಂಟರು. ಆ ಸಂಕೋಚ ಅವಳ ಮದುವೆಯ ತನಕವೂ ಪೂರ್ತಿ ಬಿಡಲಿಲ್ಲ. ಹಣ ಉಳಿಯಿತು ನಿಜ. ಆ ಉಳಿತಾಯಕ್ಕೆ ತೆತ್ತ ಬೆಲೆಯನ್ನು ಯಾವ ಖಾತೆಯ ಪುಸ್ತಕದಲ್ಲಿಯೂ ಬರೆದಿಡಲಾಗುವುದಿಲ್ಲ.

ಇನ್ನು ಗೃಹಿಣಿಯ ವಿಷಯ. ಪರದೇಶಕ್ಕೆ ಹೋಗುವ ಪುರುಷನಿಗೆ ಅಲ್ಲಿ ಕಚೇರಿಯೆಂಬ ಸಿದ್ಧ ಸಮಾಜವೊಂದು ಕಾದಿರುತ್ತದೆ. ಮಕ್ಕಳಿಗೆ ಶಾಲೆಯಿದೆ. ನಾಲ್ಕು ಗೋಡೆಗಳ ನಡುವೆ ಉಳಿಯುವವಳು ಆಕೆ. (ಪತ್ನಿಯ ಉದ್ಯೋಗಕ್ಕಾಗಿ ಪತಿ ಹಿಂಬಾಲಿಸುವ ಕುಟುಂಬಗಳೂ ಈಗ ಉಂಟು, ನಮ್ಮ ದಾದಿಯರ ಮನೆಗಳಲ್ಲಿ ವಿಶೇಷವಾಗಿ. ಅಲ್ಲಿ ಈ ಮಾತು ಪತಿಗೆ ಅನ್ವಯಿಸುವುದು.) ಮುಂಬಯಿಯ ನಮ್ಮ ಹೆಣ್ಣುಮಕ್ಕಳ ಸ್ವಾತಂತ್ರ್ಯ ಎಂತಹುದೆಂಬುದನ್ನು ಬೇರೆ ಊರಿನವರು ಸುಲಭವಾಗಿ ಊಹಿಸಲಾರರು. ಎಂಟು ಗಂಟೆಯ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಆಕೆಗೊಂದು ಗುಂಪಿದೆ. ಅಲ್ಲಿ ತರಕಾರಿ ಬಿಡಿಸುತ್ತಾರೆ, ಅರಸಿನ ಕುಂಕುಮ ಹಂಚುತ್ತಾರೆ, ಅತ್ತೆಯ ದೂರು ಹೇಳುತ್ತಾರೆ, ಮಗಳ ಅಂಕಗಳನ್ನು ಚರ್ಚಿಸುತ್ತಾರೆ. ರಾತ್ರಿ ಹತ್ತಕ್ಕೂ ಒಬ್ಬಳೇ ರಿಕ್ಷಾ ಹಿಡಿದು ಮನೆಗೆ ಬರುವ ಧೈರ್ಯ ಆಕೆಗಿದೆ. ಇಂತಹವಳನ್ನು ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದ, ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಇಟ್ಟರೆ ಮನಸ್ಸು ಹೇಗಾಗಬೇಡ?

ದುಡಿಯುತ್ತಿದ್ದವಳಿಗೆ ದುಡಿಯುವ ಹಕ್ಕೇ ಇಲ್ಲದಾಗುವುದು ಇನ್ನೂ ದೊಡ್ಡ ಪೆಟ್ಟು. ಅಮೆರಿಕದಲ್ಲಿ ಎಚ್-1ಬಿ ನೌಕರರ ಪತ್ನಿಯರಿಗೆ 2015ರ ಮೇ ತನಕ ಉದ್ಯೋಗದ ಅನುಮತಿಯೇ ಇರಲಿಲ್ಲ. ಆ ವರ್ಷದಿಂದ ಕೂಡ, ಪತಿಯ ಖಾಯಂ ವಾಸದ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ ಅದು ದೊರೆಯತೊಡಗಿತು. ಕೆನಡಾ, ಆಸ್ಟ್ರೇಲಿಯಗಳಿಗೆ ಖಾಯಂ ವಾಸದ ಪರವಾನಗಿಯಲ್ಲಿಯೇ ಹೋಗುವವರಿಗೆ ದಂಪತಿಗಳಿಬ್ಬರಿಗೂ ಕೆಲಸದ ಹಕ್ಕಿರುತ್ತದೆ. ಹಾಗಿದ್ದರೂ ಇಲ್ಲಿಯ ಬಿ.ಎಡ್. ಪದವಿ, ಇಲ್ಲಿಯ ನರ್ಸಿಂಗ್ ನೋಂದಣಿ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಅಲ್ಲಿಯ ಮಂಡಳಿಯ ಮಾನ್ಯತೆ ಬೇಕು, ಅದಕ್ಕೆ ಕಾಲವೂ ಹಣವೂ ಬೇಕು. ಇದನ್ನೆಲ್ಲ ಆಕೆಯ ರಾಜೀನಾಮೆಗೆ ಮುನ್ನ ವಿಚಾರಿಸಬೇಕಲ್ಲದೆ ವಿಮಾನವೇರಿದ ಮೇಲೆ ಅಲ್ಲ. ನಿದ್ದೆ ಬಾರದಿರುವುದು, ಹಸಿವು ತಗ್ಗುವುದು, ಕಾರಣವಿಲ್ಲದೆ ಕಣ್ಣೀರು ಬರುವುದು, ಯಾವುದರಲ್ಲಿಯೂ ಆಸಕ್ತಿ ಹುಟ್ಟದಿರುವುದು, ಇವು ಎರಡು ವಾರಗಳನ್ನು ಮೀರಿ ನಡೆದರೆ ಅದನ್ನು ಊರಿನ ನೆನಪೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಸಕ್ಕರೆ ಕಾಯಿಲೆಯನ್ನು ಹತ್ತು ಮಂದಿಯ ಮುಂದೆ ಹೇಳಿಕೊಳ್ಳುತ್ತೇವೆ. ಮನಸ್ಸಿನ ಕಾಯಿಲೆಯನ್ನು ಗಂಡನಿಗೂ ಹೇಳುವುದಿಲ್ಲ.

ಗೃಹಿಣಿಯ ಹೆಸರಿನಲ್ಲಿಯೇ ಒಂದು ಬ್ಯಾಂಕು ಖಾತೆ, ಆಕೆಯ ಕೈಯಲ್ಲಿಯೇ ಆಕೆಯ ಹಾಗೂ ಮಕ್ಕಳ ಪಾಸ್‌ಪೋರ್ಟು, ವಿವಾಹ ನೋಂದಣಿಯ ದೃಢೀಕೃತ ಪ್ರತಿ, ಮರಳುವ ಟಿಕೇಟಿಗೆ ಸಾಲುವಷ್ಟು ಹಣ: ಇವು ಅಪನಂಬಿಕೆಯ ಚಿಹ್ನೆಗಳೆಂದು ಯಾರೂ ತಿಳಿಯಬಾರದು. ಒಳ್ಳೆಯ ಸಂಸಾರಗಳಲ್ಲಿಯೇ ಪತಿಗೆ ಅಪಘಾತವಾದಾಗ ಇವು ಇಲ್ಲದೆ ಹೆಂಗಸರು ಪಟ್ಟ ಪಾಡನ್ನು ನಾವು ಕೇಳಿದ್ದೇವೆ. ಕಾನೂನಿನ ವಿಷಯವೂ ಒಂದಿದೆ. ಮಕ್ಕಳ ಅಂತಾರಾಷ್ಟ್ರೀಯ ಅಪಹರಣವನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಮಕ್ಕಳು ಪರದೇಶದಲ್ಲಿ ನೆಲೆಸಿರುವಾಗ ದಂಪತಿಗಳಲ್ಲಿ ವಿರಸ ಹುಟ್ಟಿ, ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಇಲ್ಲಿಗೆ ಕರೆತಂದರೆ ಅಲ್ಲಿಯ ನ್ಯಾಯಾಲಯ ಅದನ್ನು ಅಪಹರಣವೆಂದೇ ಭಾವಿಸಬಹುದು. ಪ್ರಕರಣ ಎರಡು ದೇಶಗಳಲ್ಲಿ ವರ್ಷಗಟ್ಟಲೆ ನಡೆಯಬಹುದು. ಮಕ್ಕಳನ್ನು ಬೆಳೆಸುವ ಕ್ರಮದಲ್ಲಿಯೂ ಅಲ್ಲಿಯ ಸರಕಾರ ಕೈಹಾಕುತ್ತದೆ. 2011ರಲ್ಲಿ ನಾರ್ವೆಯ ಅಧಿಕಾರಿಗಳು ಭಾರತೀಯ ದಂಪತಿಗಳ ಇಬ್ಬರು ಎಳೆಯ ಮಕ್ಕಳನ್ನು ತಮ್ಮ ವಶಕ್ಕೆ ತೆಗೆದುಕೊಂಡು, ನಮ್ಮ ಸರಕಾರ ನಡುವೆ ಬಂದ ಬಳಿಕ 2012ರಲ್ಲಿ ಅವರನ್ನು ಚಿಕ್ಕಪ್ಪನ ಸುಪರ್ದಿಗೆ ಒಪ್ಪಿಸಿದರು. ಕೈಯೆತ್ತಿ ಮಗುವಿಗೆ ಎರಡೇಟು ಬಿಗಿಯುವುದು ನಮ್ಮಲ್ಲಿ ಶಿಸ್ತು. ಅನೇಕ ದೇಶಗಳಲ್ಲಿ ಅದು ಅಪರಾಧ.

ಮಕ್ಕಳ ಶಿಕ್ಷಣದ ಕುರಿತು ನನ್ನದು ಸ್ವಲ್ಪ ಕಠಿಣ ಮತ. ಎಂಟನೆಯ ಇಯತ್ತೆ ದಾಟಿದ ಮಗುವನ್ನು ಎಸ್.ಎಸ್.ಸಿ. ಮುಗಿಯುವ ತನಕ ಅಲುಗಿಸಬಾರದು. ಹತ್ತು ವರ್ಷದೊಳಗಿನ ಮಗು ಯಾವ ನೆಲದಲ್ಲಿಯೂ ಬೇರೂರುತ್ತದೆ. ಹದಿನಾಲ್ಕರ ಹುಡುಗನಿಗೆ ಗೆಳೆಯರೇ ಜಗತ್ತು. ಕೊಲ್ಲಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಆ ದೇಶದ ಪೌರತ್ವ ಬರುವುದಿಲ್ಲ. ಕಾಲೇಜಿನ ಕಾಲಕ್ಕೆ ಬಹುಮಂದಿ ಮಂಗಳೂರಿಗೋ ಮಣಿಪಾಲಕ್ಕೋ ಬರಲೇಬೇಕು. ಅಮೆರಿಕದಲ್ಲಿ ಅವಲಂಬಿತ ವೀಸಾದ ಮೇಲೆ ಬೆಳೆದ ಮಗು 21 ತುಂಬಿದ ದಿನ ಆ ವೀಸಾದಿಂದ ಹೊರಬೀಳುತ್ತದೆ. ಅಲ್ಲಿಯೇ ಓದಿ ಬೆಳೆದರೂ ಬೇರೆ ವೀಸಾ ದೊರೆಯದಿದ್ದಲ್ಲಿ ಹೊರಡಲೇಬೇಕು. ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಚಿಂತೆ ಕಡಿಮೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಅಂಗಳದಲ್ಲಿ ಹಿಂದಿಯನ್ನು, ಶಾಲೆಯಲ್ಲಿ ಮರಾಠಿ ಇಂಗ್ಲಿಷುಗಳನ್ನು ಏಕಕಾಲಕ್ಕೆ ಆಡುವ ಮುಂಬಯಿಯ ನಮ್ಮ ಮಕ್ಕಳಿಗೆ ಐದನೆಯ ಭಾಷೆ ಭಾರವಾಗದು. ಮೊದಲನೆಯದನ್ನು ಉಳಿಸಿಕೊಡುವ ಹೊಣೆ ತಾಯಿತಂದೆಯರದು.

ಆರೋಗ್ಯದ ದೃಷ್ಟಿಯಿಂದ ಮಕ್ಕಳ ಲಸಿಕೆಯ ಕಾರ್ಡನ್ನು ಮೊತ್ತಮೊದಲು ಹುಡುಕಿ ತೆಗೆಯಬೇಕು. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ ದಡಾರ ಮತ್ತು ರುಬೆಲ್ಲಾದ ಲಸಿಕೆ ಕೊಡುತ್ತಾರೆ. ಮಂಗನಬಾವು ಮತ್ತು ಸೀತಾಳೆ ಸಿಡುಬಿನದು ಅದರಲ್ಲಿಲ್ಲ. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಇವನ್ನೂ ಕೇಳುತ್ತವೆ. ಇಲ್ಲಿಯ ಮಕ್ಕಳ ವೈದ್ಯರ ಬಳಿಯೇ ಹಾಕಿಸಿ, ದಿನಾಂಕ ಸಹಿತ ಬರೆಸಿಕೊಂಡು ಹೋಗುವುದು ಲೇಸು. ಬಿ.ಸಿ.ಜಿ. ಪಡೆದ ನಮ್ಮ ಮಕ್ಕಳಿಗೆ ಕ್ಷಯದ ಚರ್ಮಪರೀಕ್ಷೆ ಮಾಡಿದರೆ ರೋಗವಿಲ್ಲದೆಯೂ ಕೆಲವೊಮ್ಮೆ ಬಾವು ಕಾಣಿಸಿಕೊಳ್ಳುತ್ತದೆ, ಬಿ.ಸಿ.ಜಿ. ಆಗಿದೆಯೆಂಬುದನ್ನು ಮುಂಚಿತವಾಗಿ ತಿಳಿಸಿದರೆ ಗಾಬರಿ ತಪ್ಪುವುದು. ಹಲ್ಲು ಮತ್ತು ಕಣ್ಣಿನ ಚಿಕಿತ್ಸೆ ಅನೇಕ ದೇಶಗಳ ಸಾಮಾನ್ಯ ವಿಮೆಯೊಳಗೆ ಬಾರದಿರುವುದರಿಂದ ಅವನ್ನು ಇಲ್ಲಿಯೇ ಮುಗಿಸಿಕೊಳ್ಳಬೇಕು. ನಿತ್ಯದ ಔಷಧಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ಒಯ್ಯತಕ್ಕದ್ದು. ಕೋಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್‌ನಂತಹ ನೋವಿನ ಗುಳಿಗೆಗಳು ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಿಯಂತ್ರಿತ ವಸ್ತುಗಳು. ಮುಂಗಡ ಅನುಮತಿಯಿಲ್ಲದೆ ಒಯ್ದರೆ ಸೆರೆಮನೆಯೂ ಉಂಟು. ಅಷ್ಟೇ ಏಕೆ, ನಮ್ಮ ಗಸಗಸೆಯೂ ಅಲ್ಲಿ ನಿಷಿದ್ಧ! ಮಗನಿಗೆ ಪಾಯಸವಾಗಲೆಂದು ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ಪುಟ್ಟ ಪೊಟ್ಟಣ ಅಫೀಮಿನ ಸಂಬಂಧಿಯೆಂದು ಎಣಿಸಲ್ಪಡುವುದನ್ನು ಬಡಪಾಯಿ ತಾಯಿ ಕನಸಿನಲ್ಲಿಯೂ ಎಣಿಸಿರಲಾರಳು.

ಇಲ್ಲಿಯವರೆಗೆ ಹೋಗುವವರ ಮಾತಾಯಿತು. ನನ್ನನ್ನು ಹೆಚ್ಚಾಗಿ ಕಾಡುವುದು ಉಳಿಯುವವರ ಸ್ಥಿತಿ.

ಊರಿನಲ್ಲಿ ತಾಯಿತಂದೆಯರನ್ನು ಬಿಟ್ಟು ಬಂದ ನಮ್ಮ ಹಿರಿಯರಿಗೆ ಒಂದು ನೆಮ್ಮದಿಯಿತ್ತು. ಅಲ್ಲಿ ದಾಯಾದಿಗಳಿದ್ದರು, ಒಕ್ಕಲಿನವರಿದ್ದರು, ಕೂಗಿದರೆ ಕೇಳುವ ನೆರೆಮನೆಯಿತ್ತು. ಡೊಂಬಿವಲಿಯ ಮೂರನೆಯ ಮಾಳಿಗೆಯ, ಲಿಫ್ಟಿಲ್ಲದ ಹಳೆಯ ಬಿಲ್ಡಿಂಗಿನ ಎಪ್ಪತ್ತೈದರ ದಂಪತಿಗಳಿಗೆ ಯಾರಿದ್ದಾರೆ? ಅವರಿಗೆ ಊರಿಗೆ ಮರಳುವಂತಿಲ್ಲ. ಅಲ್ಲಿಯ ಮನೆ ಪಾಲಾಗಿದೆ, ಐವತ್ತು ವರ್ಷಗಳ ಗೆಳೆತನವೆಲ್ಲ ಇಲ್ಲಿದೆ. ಮಗನೊಡನೆ ಹೋಗುವಂತಿಲ್ಲ, ಬಹುತೇಕ ದೇಶಗಳಲ್ಲಿ ಅವಲಂಬಿತರೆಂದರೆ ಪತ್ನಿ ಹಾಗೂ ಮಕ್ಕಳೇ ಹೊರತು ವೃದ್ಧರಲ್ಲ. ಅವರನ್ನು ಸಂದರ್ಶಕರಾಗಿ ಕರೆಸಿಕೊಳ್ಳಬಹುದು, ಉಳಿಸಿಕೊಳ್ಳುವುದು ಕಷ್ಟ.

ಅವರ ಆರೋಗ್ಯ ವಿಮೆಯ ಗತಿಯನ್ನು ನೋಡಿರಿ. ಮಗ ಇಲ್ಲಿಯ ಕಂಪನಿಯಲ್ಲಿ ಇರುವ ತನಕ ಕಂಪನಿಯ ಸಾಮೂಹಿಕ ಮೆಡಿಕ್ಲೇಮಿನಲ್ಲಿ ಅನೇಕ ವೇಳೆ ತಂದೆತಾಯಿಯರೂ ಸೇರಿರುತ್ತಾರೆ. ಮಗ ರಾಜೀನಾಮೆ ಕೊಟ್ಟು ವಿಮಾನವೇರುತ್ತಾನೆ. ಸಾಮಾನ್ಯವಾಗಿ ಆತನ ಕೊನೆಯ ಕೆಲಸದ ದಿನದೊಂದಿಗೆ ವೃದ್ಧರ ವಿಮೆಯೂ ಕೊನೆಗೊಳ್ಳುತ್ತದೆ. ಈ ಸಂಗತಿ ಎಷ್ಟೋ ಮನೆಗಳಲ್ಲಿ ತಿಳಿಯುವುದು ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ ದಿನ, ನಗದಿನ ಕಿಟಕಿಯ ಮುಂದೆ. ಆಗ ಹೊಸ ಪಾಲಿಸಿಗೆ ಓಡಿದರೆ, ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿಯೊಂದನ್ನು ಹಾಕುತ್ತಾರೆ. 2024ರ ನಿಯಮದ ಪ್ರಕಾರ ಅದು ಗರಿಷ್ಠ ಮೂರು ವರ್ಷ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯುಳ್ಳವರಿಗೆ ಮೂರು ವರ್ಷವೆಂದರೆ ಸಣ್ಣ ಅವಧಿಯೇ? ಇದಕ್ಕೆ ಪರಿಹಾರವಿಲ್ಲದಿಲ್ಲ. ಸಾಮೂಹಿಕ ಪಾಲಿಸಿಯಲ್ಲಿರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು, ಕಳೆದ ವರ್ಷಗಳ ಕಾಯುವಿಕೆಯನ್ನು ಲೆಕ್ಕಕ್ಕೆ ಹಿಡಿಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಅದನ್ನು ರಾಜೀನಾಮೆಗೆ ಸಾಕಷ್ಟು ಮುಂಚೆ, ಹಳೆಯ ಪಾಲಿಸಿ ಜೀವಂತವಿರುವಾಗಲೇ ಲಿಖಿತವಾಗಿ ಕೇಳಬೇಕು. ಪರದೇಶದ ನೇಮಕಪತ್ರ ಕೈಗೆ ಬಂದ ವಾರವೇ ಮಾಡಬೇಕಾದ ಕೆಲಸವೆಂದರೆ, ನನ್ನ ಮಟ್ಟಿಗೆ, ಸೂಟ್‌ಕೇಸ್ ಕೊಳ್ಳುವುದಕ್ಕಿಂತ ಇದು.

ಇನ್ನೊಂದು ಸಣ್ಣ ವಿಷಯ. ಸಣ್ಣದೆಂದೇ ಯಾರೂ ಗಮನಿಸದ್ದು. ವೃದ್ಧರ ಖಾತೆಗಳಿಗೆಲ್ಲ ಮಗನ ಮೊಬೈಲು ಸಂಖ್ಯೆಯನ್ನೇ ಕೊಟ್ಟಿರುತ್ತಾರೆ. ಆಧಾರಿಗೂ ಅದೇ, ಗ್ಯಾಸಿಗೂ ಅದೇ. ಮಗ ಹೋದ ಕೆಲವು ತಿಂಗಳಲ್ಲಿ ಆ ಸಿಮ್ಮು ನಿಲ್ಲುತ್ತದೆ, ಇಲ್ಲವೆ ಸಂದೇಶ ಬರುವಾಗ ಆತನಿಗೆ ಮಧ್ಯರಾತ್ರಿ. ನಮ್ಮ ಶಾಖೆಗೆ ಬರುವ ವೃದ್ಧ ಮಾತೆಯೊಬ್ಬರು ತಮ್ಮದೇ ಪಿಂಚಣಿಯ ಹಣಕ್ಕಾಗಿ ಕಾನ್ಸಾಸಿನ ಮಗ ಏಳುವ ತನಕ ಬೆಂಚಿನ ಮೇಲೆ ಕಾದು ಕುಳಿತದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಚೆಕ್ಕು ಬರೆಸಿ ಹಣ ಕೊಟ್ಟೆವು. ಆದರೆ ಆಕೆಯ ಮುಖದಲ್ಲಿದ್ದ ನಾಚಿಕೆಯನ್ನು ಯಾವ ಚೆಕ್ಕೂ ಅಳಿಸಲಾರದು. ಸಂಖ್ಯೆಯನ್ನು ಅವರದೇ ಫೋನಿಗೆ ಬದಲಿಸಿ, ಸಂದೇಶ ಓದಲು ಕಲಿಸಿ ಹೋಗುವುದಕ್ಕೆ ಅರ್ಧ ದಿನ ಸಾಕು. ನವೆಂಬರಿನಲ್ಲಿ ಪಿಂಚಣಿದಾರರು ಕೊಡಬೇಕಾದ ಜೀವನ ಪ್ರಮಾಣಪತ್ರಕ್ಕೆ ಯಾರು ಜತೆಗೆ ಬರುವರೆಂಬುದನ್ನೂ ಗೊತ್ತುಮಾಡಿರಬೇಕು.

ಹೋಗುವವನ ಸ್ವಂತ ಖಾತೆಗಳ ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ. ಉದ್ಯೋಗಕ್ಕಾಗಿ ದೇಶ ಬಿಟ್ಟವನು ವಿದೇಶ ವಿನಿಮಯ ಕಾನೂನಿನಂತೆ ಅನಿವಾಸಿ. ಆತನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಲೇಬೇಕು. ಅಲ್ಲಿಯ ಗಳಿಕೆಗೆ ಎನ್.ಆರ್.ಇ. ಖಾತೆ ಬೇರೆ, ಅದರಲ್ಲಿ ಇಲ್ಲಿರುವ ಹತ್ತಿರದ ಸಂಬಂಧಿಯನ್ನು ‘ಮೊದಲಿನವರು ಅಥವಾ ಉಳಿದವರು’ ಎಂಬ ಕ್ರಮದಲ್ಲಿ ಸೇರಿಸಿಕೊಳ್ಳಬಹುದು. ಆದಾಯ ತೆರಿಗೆಯವರ ಲೆಕ್ಕವೇ ಬೇರೆ. ಅವರು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದೆಯೋ ಇಲ್ಲವೋ ಎಂದು ದಿನ ಎಣಿಸುತ್ತಾರೆ. ಒಂದೇ ಮನುಷ್ಯ ಒಂದೇ ವರ್ಷದಲ್ಲಿ ಒಂದು ಕಾನೂನಿಗೆ ಪರದೇಶಿ, ಇನ್ನೊಂದಕ್ಕೆ ಸ್ವದೇಶಿ! ಪಿ.ಪಿ.ಎಫ್. ಖಾತೆ ಇದ್ದದ್ದನ್ನು ಅವಧಿ ಮುಗಿಯುವ ತನಕ ನಡೆಸಬಹುದು, ಹೊಸದನ್ನು ತೆರೆಯುವಂತಿಲ್ಲ. ಹತ್ತನೆಯ ತರಗತಿ ದಾಟದೆ ಕೊಲ್ಲಿಗೆ ಹೋಗುವ ಶ್ರಮಿಕ ಬಂಧುಗಳಿಗೆ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಮರಣಕ್ಕೆ ಹತ್ತು ಲಕ್ಷ ರೂಪಾಯಿಗಳ ವಿಮೆಯಿದೆ. ಅದರ ಪ್ರತಿ ಮನೆಯವರ ಬಳಿ ಇರಬೇಕು. ಸತ್ತವನ ಪೆಟ್ಟಿಗೆಯಲ್ಲಿ ಪಾಲಿಸಿ ಇದ್ದು ಪ್ರಯೋಜನವಿಲ್ಲ.

ಕಾಗದಪತ್ರಗಳಿಗೆ ನಾನು ಇಷ್ಟು ಮಹತ್ವ ಕೊಡುವುದನ್ನು ಕಂಡು ಬ್ಯಾಂಕಿನವನ ಚಾಳಿಯೆಂದು ನಗುವವರುಂಟು. ಅಂತಹವರಿಗೆ 1990ನ್ನು ನೆನಪಿಸುತ್ತೇನೆ. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಒಂದು ರಾತ್ರಿಯಲ್ಲಿ ಸಾವಿರಾರು ಭಾರತೀಯ ಕುಟುಂಬಗಳ ಉದ್ಯೋಗ, ಮನೆ, ಬ್ಯಾಂಕಿನ ಹಣ ಎಲ್ಲವೂ ಅತಂತ್ರವಾದವು. ಕೈಯಲ್ಲಿದ್ದ ದೀನಾರುಗಳನ್ನು ಕೊಳ್ಳುವವರಿರಲಿಲ್ಲ. ಇರಾಕಿನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ ಒಂದು ಲಕ್ಷಕ್ಕೂ ಮಿಕ್ಕಿದ ನಮ್ಮ ಜನರನ್ನು ಏರ್ ಇಂಡಿಯಾದ ವಿಮಾನಗಳು ಎರಡು ತಿಂಗಳ ಕಾಲ ಸತತವಾಗಿ ಹೊತ್ತು ತಂದದ್ದು ಇದೇ ಮುಂಬಯಿಗೆ. ಮುಂದೆ 1991ರಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗ ಸ್ಥಾಪನೆಯಾದಾಗ ಅಲ್ಲಿ ತಮ್ಮ ನಷ್ಟವನ್ನು ನಿರೂಪಿಸಲು ನೆರವಾದದ್ದು ಹಳೆಯ ಸಂಬಳದ ಚೀಟಿ, ಬಾಡಿಗೆಯ ಕರಾರು, ವಾಸದ ಪರವಾನಗಿಯ ಪ್ರತಿಗಳೇ. 2020ರ ಮೇ ತಿಂಗಳಲ್ಲಿ ‘ವಂದೇ ಭಾರತ್’ ವಿಮಾನಗಳು ಕೊಲ್ಲಿಯಿಂದ ಮಂಗಳೂರಿಗೆ ಬರತೊಡಗಿದಾಗಲೂ ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ವೃದ್ಧರು ಸರದಿಗಾಗಿ ಕಾದದ್ದನ್ನು ನಾವು ಕಂಡೆವು. ಕೆಲಸ ಹೋದರೆ ವಾಸದ ಹಕ್ಕೂ ಹೋಗುವ ದೇಶದಲ್ಲಿ ಸಂಸಾರ ಹೂಡುವವರು ಆರು ತಿಂಗಳ ಮನೆಖರ್ಚನ್ನು ಇಲ್ಲಿಯ ಖಾತೆಯಲ್ಲಿ, ಮುಟ್ಟದೆ, ಇಟ್ಟಿರಬೇಕು. ಈ ಮೊತ್ತ ಕೂಡುವ ತನಕ ಊರಿನಲ್ಲಿ ಮನೆ ಕಟ್ಟಿಸುವ ಯೋಚನೆಯನ್ನು ಬದಿಗಿಡುವುದು ಮೇಲು.

ಕೊನೆಯದಾಗಿ ನಮ್ಮ ಸಂಘಗಳ ಮಾತು. ಹೊರಡುವವರನ್ನು ನಾವು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಫಲತಾಂಬೂಲ ಕೊಡುತ್ತೇವೆ, ಅಧ್ಯಕ್ಷರು ಹತ್ತು ನಿಮಿಷ ಪ್ರಶಂಸಿಸುತ್ತಾರೆ. ಬಳಿಕ ಆತ ನಮಗೆ ನೆನಪಾಗುವುದು ಕಟ್ಟಡ ನಿಧಿಯ ರಸೀದಿ ಪುಸ್ತಕ ಅಚ್ಚಾದಾಗ. ಬಂದಿಳಿದವನಿಗೆ ರಾತ್ರಿ ಶಾಲೆ ತೆರೆದ ಪರಂಪರೆಗೆ ಇಷ್ಟೇ ಸಾಲದು. ಈ ನಗರದಲ್ಲಿ ನಮ್ಮಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಕೊಲ್ಲಿಯಲ್ಲಿ ಮೂವತ್ತು ವರ್ಷ ಕಳೆದು ಮರಳಿದ ಹಿರಿಯರಿದ್ದಾರೆ. ತಿಂಗಳಿಗೊಂದು ರವಿವಾರ ಬೆಳಿಗ್ಗೆ ಎರಡು ತಾಸು ಇವರಲ್ಲಿ ನಾಲ್ವರು ಸಂಘದ ಕಚೇರಿಯಲ್ಲಿ ಕುಳಿತರೆ, ಹೊರಡಲಿರುವ ಕುಟುಂಬಗಳು, ಮುಖ್ಯವಾಗಿ ಗೃಹಿಣಿಯರು, ಬಂದು ತಮ್ಮ ಸಂದೇಹಗಳನ್ನು ಕೇಳಬಹುದು. ಇದಕ್ಕೆ ಖರ್ಚಾಗುವುದು ಚಹಾ ಮಾತ್ರ.

ಜತೆಗೆ ಒಂದು ದಾಖಲೆಯ ಪುಸ್ತಕ ಬೇಕು. ಮಕ್ಕಳು ಪರದೇಶದಲ್ಲಿರುವ, ನಮ್ಮ ಉಪನಗರದಲ್ಲಿ ಒಂಟಿಯಾಗಿರುವ ಸದಸ್ಯ ವೃದ್ಧರ ಹೆಸರು, ವಿಳಾಸ, ವೈದ್ಯರ ಸಂಖ್ಯೆ, ವಿಮೆಯ ವಿವರ, ಬಾಗಿಲಿನ ಇನ್ನೊಂದು ಬೀಗದ ಕೈ ಯಾರ ಬಳಿಯಿದೆ ಎಂಬ ಟಿಪ್ಪಣಿ, ಇವಿಷ್ಟು, ಅವರ ಒಪ್ಪಿಗೆಯ ಮೇಲೆ. ಯುವಕ ವಿಭಾಗದವರು ಮನೆಗಳನ್ನು ಹಂಚಿಕೊಂಡು ವಾರಕ್ಕೊಮ್ಮೆ ಫೋನು ಮಾಡಬೇಕು, ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಬೇಕು. ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಎರಡು ಸೂಚನೆಗಳನ್ನು ನಾನು ಮಂಡಿಸುವವನಿದ್ದೇನೆ. ಅನುಮೋದಿಸುವವರೊಬ್ಬರು ಬೇಕಾಗಿದ್ದಾರೆ.